ಎರಡಡಿ ಸಮುದ್ರಕ್ಕೆ ಒಂದು ನೀಲಿ ಡ್ರಮ್ಮು

ನಾನು ಸರಕಾರಿ ಬಸ್ಸಿನ ಕಂಡಕ್ಟರು. ಬೆಳಿಗ್ಗೆ ಪುತ್ತೂರಿನಿಂದ ಸುಳ್ಯ, ಅಲ್ಲಿಂದ ಕಲ್ಲುಗುಂಡಿ, ವಾಪಸು. ಊಟದ ಮೇಲೆ ಕಡಬ, ನೆಟ್ಟಣದ ರೈಲ್ವೆ ಸ್ಟೇಷನ್ನು, ಪುನಃ ಪುತ್ತೂರು. ಇಡೀ ದಿನ ಮಾತೇ ಮಾತು. ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ, ಆಧಾರ್ ಕಾರ್ಡು ತೋರಿಸಿ, ಚಿಲ್ಲರೆ ಇಲ್ಲದಿದ್ದರೆ ಸ್ಕ್ಯಾನ್ ಮಾಡಿ, ಆ ಗೋಣಿಚೀಲಕ್ಕೆ ಸೀಟು ಯಾಕೆ ಮಾರಾಯ್ರೆ, ಅದಕ್ಕೂ ಕಾಲು ನೋಯ್ತದಾ? ನನ್ನ ಬಾಯಿ ಜೋರು ಅಂತ ಈ ರೂಟಿನಲ್ಲಿ ಎಲ್ಲರಿಗೂ ಗೊತ್ತುಂಟು. ಗೊತ್ತಿಲ್ಲದ್ದು ಎಂತ ಅಂದರೆ, ಸಂಜೆ ಬಾಡಿಗೆ ಮನೆಯ ಬೀಗ ತೆಗೆದು ಒಳಗೆ ಹೋದ ಮೇಲೆ, ಮರುದಿನ ಡಿಪೋ ತಲುಪುವವರೆಗೆ ನನಗೆ ಒಂದು ಶಬ್ದ ಆಡುವ ಅವಕಾಶ ಇರುವುದಿಲ್ಲ.

ಮನೆ ಅಂದರೆ ಪುತ್ತೂರಿನಲ್ಲಿ ಒಂದು ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಜಾಗ. ತವರು ಈಶ್ವರಮಂಗಲದ ಕಡೆ. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿಗೆ ಹೋಗಬೇಕಾದರೆ ಹಬ್ಬದ ನೆಪ ಬೇಕಾಗುತ್ತದೆ. ಗಂಡ ಅಂತ ಒಬ್ಬರಿದ್ದರು. ಈಗ ಬೇರೆ ಊರಿನಲ್ಲಿ ಬೇರೆ ಸಂಸಾರ ಮಾಡಿಕೊಂಡು ಸುಖವಾಗಿದ್ದಾರೆ, ಇರಲಿ. ಅವರ ಮೇಲೆ ತುಂಬ ಕಾಲ ಸಿಟ್ಟಿತ್ತು, ಅದೂ ಮುಗಿಯಿತು. ಸಿಟ್ಟು ಇದ್ದಷ್ಟು ದಿನ ಮನೆಯಲ್ಲಿ ಜಗಳಕ್ಕಾದರೂ ಒಬ್ಬರಿದ್ದ ಹಾಗೆ ಆಗುತ್ತಿತ್ತು. ಅದು ಮುಗಿದ ಮೇಲೆ ಬರೀ ಫ್ರಿಜ್ಜಿನ ಸದ್ದು.

ನನಗೆ ಮನುಷ್ಯರ ಹಾಗೆ ಮಾತಾಡಲು ಇದ್ದದ್ದು ಒಬ್ಬರೇ, ನಮ್ಮ ಬಸ್ಸಿನ ಡ್ರೈವರು. ನನಗಿಂತ ಸುಮಾರು ದೊಡ್ಡವರು. ನಾನು ಅಣ್ಣ ಅನ್ನುವುದು, ಅವರು ತಂಗಿ ಅನ್ನುವುದು. ಕಲ್ಲುಗುಂಡಿಯ ಹತ್ತಿರ ಅವರ ಮನೆ, ಜೊತೆಗೆ ಸಣ್ಣ ಒಂದು ತೋಟ. ಮನೆಗೆ ಫೋನು ಮಾಡಿದರೆ ಸುಳ್ಯದ ಕಡೆಯವರ ಅರೆಭಾಷೆ, ನನ್ನ ಹತ್ತಿರ ತುಳು, ಅಡ್ಡ ಬಂದ ಬೈಕಿನವರಿಗೆ ಕನ್ನಡ. ಆದರೆ ಬಸ್ಸು ಓಡುವಾಗ ಡ್ರೈವರಿಗೂ ಕಂಡಕ್ಟರಿಗೂ ನಡುವೆ ಇಡೀ ಬಸ್ಸು ತುಂಬ ಜನ. ಆಗ ನಮ್ಮ ಮಾತು ಸೀಟಿಯಲ್ಲಿ ಮಾತ್ರ. ಒಂದು ಸಲ ಊದಿದರೆ ನಿಲ್ಲಿಸಿ ಅಂತ, ಎರಡು ಸಲ ಊದಿದರೆ ಹೊರಡಿ ಅಂತ. ನಾನು ಊದುವ ರೀತಿಯಲ್ಲೇ ಇವಳಿಗೆ ಇವತ್ತು ತಲೆ ಬಿಸಿಯಾಗಿದೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಸುಳ್ಯದ ಸ್ಟ್ಯಾಂಡಿನಲ್ಲಿ ಚಾ ಕುಡಿಯುವಾಗ, "ಯಾರ ಮೇಲೆ ಹಾರಿದ್ದು ಇವತ್ತು?" ಅಂತ ಕೇಳುವರು. ಅವರ ಬುತ್ತಿಯಲ್ಲಿ ಅತ್ತಿಗೆ, ಅಂದರೆ ಅವರ ಹೆಂಡತಿ, ನನಗಂತ ಒಂದು ಪಾಲು ಹೆಚ್ಚಿಗೆ ಹಾಕಿ ಕಳಿಸುವರು. ನಾನು ಅತ್ತಿಗೆಯ ಮುಖ ನೋಡಿದವಳಲ್ಲ, ಅವರ ಕೈಯ ಕೆಸುವಿನ ಪತ್ರೊಡೆ ಮಾತ್ರ ಚೆನ್ನಾಗಿ ಗೊತ್ತು.

ಒಂದು ದಿನ ಚಾ ಕುಡಿಯುತ್ತ ಅಣ್ಣ ಹೇಳಿದರು, "ಬರುವ ಮಳೆಗಾಲ ಶುರುವಾಗುವ ಮೊದಲು ನನ್ನದು ಮುಗೀತು ತಂಗಿ. ರಿಟೈರ್."

"ಒಳ್ಳೆದಾಯ್ತು. ನಿಮ್ಮ ಬ್ರೇಕಿಗೆ ನನ್ನ ಸೊಂಟ ಹೋಗುದು ತಪ್ಪಿತು," ಅಂದೆ. ಹಾಗೆ ಅಂದು ಎದ್ದು ಹೋಗಿ ಬಸ್ಸಿನ ಹಿಂದೆ ನಿಂತೆ. ನನಗೆ ಹೆದರಿಕೆಯಾಗಿತ್ತು. ಈ ಮನುಷ್ಯ ಹೋದ ಮೇಲೆ ಹಗಲೂ ಮನೆಯ ಹಾಗೇ ಆಗುತ್ತದಲ್ಲ ಅಂತ.

ಆ ವಾರವೇ ಕಣ್ಣು ಪರೀಕ್ಷೆಗೆ ಮಂಗಳೂರಿಗೆ ಹೋಗಿದ್ದೆ. ಕಣ್ಣಿಗೆ ಮದ್ದು ಹಾಕಿ ಕೂರಿಸಿ, ಎಲ್ಲ ಮುಗಿದು ಹೊರಗೆ ಬಂದರೆ ಬಿಸಿಲಿಗೆ ಕಣ್ಣು ಬಿಡಲಿಕ್ಕಾಗದು. ನೆರಳಿಗೆ ಅಂತ ಪಕ್ಕದ ಅಂಗಡಿಗೆ ಹೊಕ್ಕೆ. ಅದು ಅಲಂಕಾರದ ಮೀನಿನ ಅಂಗಡಿ. ಒಳಗೆ ಮೂಲೆಯಲ್ಲಿ ನೀಲಿ ಬೆಳಕಿನ ಒಂದು ಗಾಜಿನ ತೊಟ್ಟಿ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆ ಇರುವ ಎರಡು ಮೀನು, ಕಲ್ಲಿನ ಮೇಲೆ ಅರಳಿಕೊಂಡ ಎಂತದೋ ಹೂವಿನಂಥದ್ದು, ಅದು ನೀರಿನಲ್ಲಿ ಉಸಿರಾಡುತ್ತ ಇತ್ತು. ಮದ್ದು ಹಾಕಿದ ಕಣ್ಣಿಗೆ ಎಲ್ಲ ಮಂಜು ಮಂಜು. ಆದರೂ ಅಲ್ಲಿಂದ ಕಾಲು ಕೀಳಲಿಕ್ಕಾಗಲಿಲ್ಲ. ಅಂಗಡಿಯವರು ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ಮಧ್ಯವಯಸ್ಸಿನವರು. ನಾನು ತುಂಬ ಹೊತ್ತು ನಿಂತದ್ದು ನೋಡಿ ಒಂದು ಸ್ಟೂಲು ತಂದಿಟ್ಟರು.

"ಇದು ಸಮುದ್ರದ ನೀರಿನ ತೊಟ್ಟಿ ಅಕ್ಕ. ಕಷ್ಟ. ಮೊದಲು ಸಿಹಿನೀರಿನ ಗಪ್ಪಿ ಸಾಕಿ ನೋಡಿ," ಅಂದರು.

ಕಷ್ಟ ಅಂತ ಹೇಳಿದರೆ ನನಗೆ ಅದೇ ಬೇಕು. ಹುಟ್ಟುಗುಣ. "ಗಪ್ಪಿ ಚರಂಡಿಯಲ್ಲೂ ಉಂಟು. ನನಗೆ ಇದೇ ಆಗಬೇಕು," ಅಂದೆ.

ನನ್ನ ಮದುವೆಗೆ ಗಂಡು ನೋಡುವಾಗ ಮನೆಯವರು ಇದರ ಕಾಲುಭಾಗದಷ್ಟು ವಿಚಾರಿಸಿದ್ದರೆ ಸಾಕಿತ್ತು. ಎಷ್ಟು ಪ್ರಶ್ನೆ, ಎಷ್ಟು ಫೋನು, ಮೊಬೈಲಿನಲ್ಲಿ ಎಷ್ಟು ವೀಡಿಯೋ. ಮೊದಲನೆಯದು ತೊಟ್ಟಿಯ ಅಳತೆ. ಒಂಟಿ ಹೆಂಗಸಿಗೆ ಒಂದಡಿಯ ತೊಟ್ಟಿ ಸಾಕು ಅಂತ ನನ್ನ ಲೆಕ್ಕ. ಅಂಗಡಿಯವರು ಒಪ್ಪಲಿಲ್ಲ. ನೀರು ಕಡಿಮೆಯಾದಷ್ಟೂ ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ, ಒಂದು ಜೀವ ಸತ್ತರೆ ಉಳಿದದ್ದೆಲ್ಲ ಅದರ ಹಿಂದೆ. ಹೊಸಬರಿಗೆ ಎರಡಡಿಗಿಂತ ಸಣ್ಣದು ಬೇಡ ಅಂದರು. ಆಯಿತು, ಎರಡಡಿ. ನೀರು ತುಂಬಿದರೆ ಅದರ ಭಾರ ನನ್ನ ಭಾರಕ್ಕಿಂತ ಹೆಚ್ಚು, ಹಾಗಾಗಿ ಪುತ್ತೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡು ಮಾಡಿಸಿ ಗೋಡೆಗೆ ತಾಗಿಸಿ ಇಟ್ಟೆ. ಕೆಳಗಿನ ಟೈಲರು ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿ, "ನಿಮ್ಮ ಸಮುದ್ರ ಇಳಿದು ಬಂದರೆ ನನ್ನ ಬ್ಲೌಸುಗಳ ಗತಿ ಎಂತ?" ಅಂದರು. "ಮೀನಿನ ಡಿಸೈನು ಅಂತ ಮಾರಿ," ಅಂದೆ.

ಆಮೇಲೆ ಹೀಟರು. ವೀಡಿಯೋದಲ್ಲಿ ಎಲ್ಲರೂ ಹೀಟರು ಕೊಳ್ಳಿ ಅನ್ನುತ್ತಾರೆ. ಅವರ ಊರಿನಲ್ಲಿ ಹಿಮ ಬೀಳುತ್ತದೆ, ಕೊಳ್ಳಲಿ. ಪುತ್ತೂರಿನ ಏಪ್ರಿಲಿನಲ್ಲಿ ನಲ್ಲಿಯ ನೀರೇ ಸ್ನಾನಕ್ಕಾಗುವಷ್ಟು ಬಿಸಿ. ನಮಗೆ ಬೇಕಾದ್ದು ತಂಪು. ತಂಪು ಮಾಡುವ ಯಂತ್ರದ ಕ್ರಯ ಕೇಳಿ ಸುಮ್ಮನಾದೆ. ಅದರ ಬದಲು ತೊಟ್ಟಿಯ ಬಾಯಿಗೆ ಸಿಕ್ಕಿಸುವ ಪುಟ್ಟ ಫ್ಯಾನು ಸಾಕು, ಗಾಳಿಗೆ ನೀರು ಆರಿದಷ್ಟೂ ತಂಪಾಗುತ್ತದೆ, ಆರಿದ್ದಕ್ಕೆ ದಿನಾ ಶುದ್ಧ ನೀರು ಸೇರಿಸಿ ಅಂದರು. ನೀರು ಶೋಧಿಸುವ ಫಿಲ್ಟರು, ಅಲೆ ಎಬ್ಬಿಸುವ ಕೈಮುಷ್ಟಿಯಷ್ಟು ದೊಡ್ಡ ಮೋಟರು, ಉಪ್ಪಿನ ಅಂಶ ನೋಡಲು ಕಣ್ಣಿಗೆ ಹಿಡಿಯುವ ಕೊಳವೆ. ಕರೆಂಟು ಹೋದರೆ ತಾನಾಗಿಯೇ ಗುಳ್ಳೆ ಬಿಡುವ ಬ್ಯಾಟರಿಯ ಪಂಪು ಮಾತ್ರ ನಾನೇ ಕೇಳಿ ತೆಗೆದುಕೊಂಡದ್ದು. ಮಳೆಗಾಲದಲ್ಲಿ ನಮ್ಮ ಕರೆಂಟಿನ ಸ್ವಭಾವ ಮಂಗಳೂರಿನವರಿಗೆ ಪೂರ್ತಿ ಗೊತ್ತಿಲ್ಲ.

ದೀಪ ಕೊಳ್ಳುವಾಗ ನಾನು ಹಠ ಮಾಡಿದೆ. ಹೇಳಿದ ಹೊತ್ತಿಗೆ ತಾನೇ ಹೊತ್ತಿಕೊಳ್ಳುವ ದೀಪ ಬೇಕು ಅಂದೆ. ಅಂಗಡಿಯವರು ಹವಳದ ಜೀವಗಳಿಗೆ ಹಗಲು ಬೆಳಕು ಬೇಕು ಅಂತೆಲ್ಲ ಹೇಳಿದರು. ಅದೆಲ್ಲ ಸರಿ, ಆದರೆ ನನ್ನ ಕಾರಣ ಬೇರೆ. ಸಂಜೆ ಬಸ್ಸ್ಟ್ಯಾಂಡಿನಿಂದ ನಡೆದು ಬರುವಾಗ ಆ ಸಾಲಿನಲ್ಲಿ ನನ್ನ ಕಿಟಕಿ ಒಂದೇ ಕತ್ತಲು. ನಾನು ಬರುವ ಮೊದಲು ನನ್ನ ಮನೆಯಲ್ಲಿ ದೀಪ ಇರಬೇಕು ಅಂತ ನನಗೆ ಆಸೆಯಿತ್ತು. ಅವರಿಗೆ ಹೇಳಲಿಲ್ಲ. ಮಧ್ಯಾಹ್ನದಿಂದ ರಾತ್ರಿ ಊಟದ ಹೊತ್ತಿನವರೆಗೆ ಉರಿಯುವ ಹಾಗೆ ಗೊತ್ತು ಮಾಡಿಕೊಟ್ಟರು. ಮೊದಲ ಸಂಜೆ ರಸ್ತೆಯಿಂದ ಆ ನೀಲಿ ಕಿಟಕಿ ನೋಡಿ ಒಂದು ಕ್ಷಣ, ಒಳಗೆ ಯಾರೋ ಬಂದಿದ್ದಾರೆ ಅಂತ ನಿಜವಾಗಿ ಅನ್ನಿಸಿತು.

ಆದರೆ ಒಳಗೆ ಯಾರೂ ಇರಲಿಲ್ಲ. ತೊಟ್ಟಿಯಲ್ಲಿ ಇದ್ದದ್ದು ಒಣ ಬಂಡೆ, ಮರಳು, ಉಪ್ಪು ಕಲಸಿದ ನೀರು. ವಾರಗಟ್ಟಲೆ ಹಾಗೇ ಬಿಡಬೇಕು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಂಡೆಯಲ್ಲಿ ಮನೆ ಮಾಡಿಕೊಂಡು ನೀರನ್ನು ಹದಕ್ಕೆ ತರಬೇಕು, ಅಲ್ಲಿಯವರೆಗೆ ಒಂದೇ ಒಂದು ಮೀನು ಬಿಡಬಾರದು. ನಾನು ದಿನಾ ಸಂಜೆ ಬರೀ ನೀರಿನ ಎದುರು ಊಟದ ತಟ್ಟೆ ಹಿಡಿದು ಕೂತೆ. ಬಸ್ಸಿನಲ್ಲಿ ಅಣ್ಣ, "ಎಂತ, ಸಮುದ್ರದಲ್ಲಿ ಜನ ಬಂದ್ರಾ?" ಅಂತ ಕೇಳುವರು. "ಇನ್ನೂ ಕ್ಲೀನಿಂಗ್ ನಡೀತಾ ಉಂಟು," ಅನ್ನುವೆ. ಅವರಿಗೆ ನಗು. ಹತ್ತಿರದಲ್ಲೇ ಕಡಲು ಇರುವಾಗ ಉಪ್ಪಿನ ಪ್ಯಾಕೆಟು ತಂದು ನೀರಿಗೆ ಕಲಸುವವಳು ನೀನೊಬ್ಬಳೇ ಅನ್ನುವರು. ಕಡಲ ತೀರದ ನೀರಿನಲ್ಲಿ ಊರಿನ ಕೊಳೆಯೆಲ್ಲ ಉಂಟು, ಅದು ಆಗುವುದಿಲ್ಲ ಅಂತ ಅಂಗಡಿಯವರು ಹೇಳಿದ್ದನ್ನು ನಾನು ಬಹಳ ತಿಳಿದವಳ ಹಾಗೆ ಅವರಿಗೆ ಹೇಳುವೆ.

ಜೀವಗಳನ್ನು ಆರಿಸುವಾಗಲೂ ಬೇಕಾದ್ದು ಸಿಗಲಿಲ್ಲ. ಅಗಲ ಮೈಯ ಒಂದು ನೀಲಿ ಮೀನು ನನ್ನ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಈಜಲು ಒಂದು ಕೋಣೆಯಷ್ಟು ಜಾಗ ಬೇಕು, ನಿಮ್ಮ ತೊಟ್ಟಿಯಲ್ಲಿ ಅದು ಜೈಲು ಅಂತ ಅಂಗಡಿಯವರು ಕೊಡಲಿಲ್ಲ. ಸಮುದ್ರದಿಂದ ಕಿತ್ತು ತಂದ ಗಟ್ಟಿ ಹವಳ ಮುಟ್ಟುವುದೇ ಬೇಡ, ಕಾನೂನೂ ಬಿಡುವುದಿಲ್ಲ, ಮನಸ್ಸೂ ಬಿಡಬಾರದು ಅಂದರು. ಕೊನೆಗೆ ಅವರ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಪಟ್ಟೆ ಮೀನಿನ ಒಂದು ಜೋಡಿ, ಪಾಚಿ ತಿನ್ನುವ ನಾಲ್ಕಾರು ಬಸವನಹುಳು, ಅವರೇ ತುಂಡು ಮಾಡಿ ಬೆಳೆಸಿದ, ಅಣಬೆಯ ಹಾಗೆ ಅರಳುವ ಒಂದು ಮೆತ್ತನೆಯ ಹವಳ, ಮತ್ತೆ ಒಂದು ಸಿಗಡಿ. ಕೆಂಪು ಬೆನ್ನಿನ ಮೇಲೆ ಬಿಳಿ ಗೆರೆ, ಮೈಗಿಂತ ಉದ್ದದ ಮೀಸೆ. ಪಾಲಿಥೀನ್ ಚೀಲದಲ್ಲಿ ಗಾಳಿ ತುಂಬಿ ಕಟ್ಟಿ, ಮೇಲೆ ಪೇಪರು ಸುತ್ತಿ ಕೊಟ್ಟರು. ಮಂಗಳೂರಿನಿಂದ ಪುತ್ತೂರಿನವರೆಗೆ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪ್ರತಿ ಹೊಂಡಕ್ಕೂ ಆ ಬಸ್ಸಿನ ಡ್ರೈವರಿಗೆ ಮನಸ್ಸಿನಲ್ಲೇ ಬೈದೆ.

"ಕೋಳಿಗೆ ಟಿಕೇಟು ಕೊಡುವವಳು, ಎಟ್ಟಿಗೆ ಟಿಕೇಟು ತೆಗೆದಿದ್ದಿಯಾ?" ಅಂತ ಮರುದಿನ ಅಣ್ಣನ ವಿಚಾರಣೆ. ಸಿಗಡಿಗೆ ನಮ್ಮಲ್ಲಿ ಎಟ್ಟಿ ಅನ್ನುವುದು, ಎಟ್ಟಿ ಅಂದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಚಟ್ನಿ. "ಒಂದು ಎಟ್ಟಿಯಲ್ಲಿ ಚಟ್ನಿ ಎಷ್ಟಾದೀತು?" ಅಂತ ಅವರು ಕೀಟಲೆ ಮಾಡಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ಆ ದಿನ ಸುಳ್ಯದಲ್ಲಿ ಚಾವನ್ನೂ ಬೇರೆ ಕೂತು ಕುಡಿದೆ.

ಯಾಕೆ ಸಿಟ್ಟು ಅಂದರೆ, ಹಿಂದಿನ ಸಂಜೆ ಒಂದು ಸಂಗತಿ ಆಗಿತ್ತು. ಬಂಡೆ ಸರಿಮಾಡಲು ತೊಟ್ಟಿಗೆ ಕೈ ಹಾಕಿದ್ದೆ. ಎಟ್ಟಿ ಬಂಡೆಯ ಅಡಿಯಿಂದ ಮೆಲ್ಲ ಹೊರಗೆ ಬಂತು. ಮೀಸೆಯಿಂದ ಒಮ್ಮೆ ಮುಟ್ಟಿ ನೋಡಿ, ನನ್ನ ಬೆರಳಿನ ಮೇಲೆ ಹತ್ತಿ ಕೂತು, ಸಣ್ಣ ಸಣ್ಣ ಚಿಮಟಿಗೆಯಂಥ ಕೈಗಳಿಂದ ನನ್ನ ಉಗುರಿನ ಸಂದಿ ಕೆದಕಿ ಶುಚಿ ಮಾಡಲು ಶುರು ಮಾಡಿತು. ಮೀನುಗಳ ಮೈ ಶುಚಿ ಮಾಡುವುದು ಅದರ ಕಸುಬು. ನನ್ನ ಕೈಯನ್ನೂ ಒಂದು ಮೀನು ಅಂತ ತಿಳಿದುಕೊಂಡಿರಬೇಕು. ಇಡೀ ದಿನ ನನ್ನ ಅಂಗೈಗೆ ಊರಿನವರೆಲ್ಲ ನೋಟು, ನಾಣ್ಯ ಹಾಕುತ್ತಾರೆ. ಯಾರಾದರೂ ನನ್ನ ಕೈ ಹಿಡಿದು ಎಷ್ಟು ವರ್ಷವಾಗಿದೆ ಅಂತ ಆಗ ನೆನಪಾಯಿತು. ತೋಳಿನವರೆಗೆ ಉಪ್ಪುನೀರಿನಲ್ಲಿ ಕೈ ಇಟ್ಟುಕೊಂಡು, ಕಾಲು ಜೋಮು ಹಿಡಿದರೂ ಅಲ್ಲಾಡದೆ ನಿಂತೆ. ನಾನು ಅತ್ತದ್ದು ಹೇಳಲು ನನಗೆ ನಾಚಿಕೆ ಇಲ್ಲ.

ಈ ಸಂಗತಿ ಕೇಳಿದ ಮೇಲೆ ಅಣ್ಣ ಚಟ್ನಿಯ ಮಾತು ಬಿಟ್ಟರು. ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮೊದಲು, "ಎಟ್ಟಿ ಹೇಗುಂಟು? ಉಗುರು ತೆಗೀತಾ?" ಅಂತ ಕೇಳುವರು. ಒಂಟಿ ಹೆಂಗಸಿನ ಕೋಣೆಗೆ ಒಬ್ಬರೇ ಬಂದು ಹೋಗುವ ಜನ ಅವರಲ್ಲ. "ರಿಟೈರಾದ ಮೇಲೆ ನಿನ್ನ ಅತ್ತಿಗೆಯನ್ನು ಕರಕೊಂಡು ಬರ್ತೇನೆ. ನನ್ನ ಕೈಯದ್ದೂ ಸ್ವಲ್ಪ ತೆಗೀಲಿ, ಇಷ್ಟು ವರ್ಷದ ಗ್ರೀಸು ಉಂಟು," ಅನ್ನುವರು. ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ. ಅವರು ರಿಟೈರಾದರೂ ಪೂರ್ತಿ ಹೋಗುವುದಿಲ್ಲ, ಎಟ್ಟಿ ನೋಡುವ ನೆಪದಲ್ಲಿ ಬರುತ್ತ ಹೋಗುತ್ತ ಇರುತ್ತಾರೆ. ಆ ತೊಟ್ಟಿಯ ಮೇಲೆ ನಾನು ಇಟ್ಟುಕೊಂಡ ಆಸೆ ಅಷ್ಟೇ ಆಗಿತ್ತು.

ವಾರಕ್ಕೊಮ್ಮೆ ತೊಟ್ಟಿಯ ಸ್ವಲ್ಪ ನೀರು ತೆಗೆದು, ಹೊಸತಾಗಿ ಉಪ್ಪು ಕಲಸಿದ ನೀರು ಹಾಕಬೇಕು. ನಾನು ಅಡುಗೆಮನೆಯ ಎರಡು ಬಾಲ್ದಿಯಲ್ಲಿ ಒದ್ದಾಡುತ್ತಿದ್ದೆ. ಅರ್ಧ ನೀರು ನೆಲಕ್ಕೆ. ಇದನ್ನು ಬಸ್ಸಿನಲ್ಲಿ ಗೊಣಗಿದ್ದೇ ತಡ, ಅಣ್ಣ, "ಅಷ್ಟಕ್ಕೆಲ್ಲ ಯಾಕೆ ತಲೆ ಬಿಸಿ? ನಮ್ಮಲ್ಲಿ ಡ್ರಮ್ಮು ಬೇಕಾದಷ್ಟು ಉಂಟು," ಅಂದರು. ಅವರ ವಾರದ ರಜೆ ಕಳೆದ ಮರುದಿನ, ಕಲ್ಲುಗುಂಡಿಯಲ್ಲಿ ಬಸ್ಸು ತಿರುಗಿಸುವ ಜಾಗದಲ್ಲಿ ರಸ್ತೆ ಬದಿಗೆ ನಿಂತಿತ್ತು, ಅವರು ಬೆಳಿಗ್ಗೆ ಬರುವಾಗಲೇ ಮನೆಯಿಂದ ತಂದಿಟ್ಟ, ಮುಚ್ಚಳ ಇರುವ ನೀಲಿ ಡ್ರಮ್ಮು. ಫಳಫಳ ಹೊಳೆಯುತ್ತಿತ್ತು. "ಹುಣಸೆಹುಳಿ ಹಾಕಿ ತಿಕ್ಕಿದ್ದೇನೆ, ಬಿಸಿಲಿಗೆ ಒಣಗಿಸಿದ್ದೇನೆ. ನಿನ್ನ ಎಟ್ಟಿಗೆ ಒಂದು ಕೊಳೆ ತಾಗಬಾರದಲ್ಲ," ಅಂದರು. ನಾನು ಅದಕ್ಕೆ ಲಗೇಜು ಟಿಕೇಟು ಕೊಟ್ಟೆ, ದುಡ್ಡು ಅವರೇ ಹಾಕಿದರು. ಹಿಂದಿನ ಸೀಟಿನಲ್ಲಿ ಕೂತು ಅದು ಪುತ್ತೂರಿಗೆ ಬಂತು. ನನಗೆ ಯಾರಾದರೂ ಏನಾದರೂ ತೊಳೆದು ಒಣಗಿಸಿ ತಂದುಕೊಟ್ಟು ಯಾವ ಕಾಲವಾಯಿತೋ. ದಾರಿಯುದ್ದಕ್ಕೂ ತಿರುತಿರುಗಿ ನೋಡುತ್ತಿದ್ದೆ.

ಆ ಭಾನುವಾರ ಡ್ರಮ್ಮಿನಲ್ಲಿ ಉಪ್ಪುನೀರು ಕಲಸಿ, ಒಂದು ರಾತ್ರಿ ಬಿಟ್ಟು, ತೊಟ್ಟಿಗೆ ಹಾಕಿದೆ. ಮರುದಿನ ಸಂಜೆ ಬಂದರೆ ಬಸವನಹುಳುಗಳೆಲ್ಲ ಗಾಜಿನಿಂದ ಕಳಚಿ ಮರಳಿನಲ್ಲಿ ಅಂಗಾತ ಬಿದ್ದಿದ್ದವು. ಅಣಬೆ ಹವಳ ಮುದುಡಿ ಅಂಗಿಯ ಗುಂಡಿಯಷ್ಟಾಗಿತ್ತು. ಮೀನು ಎರಡೂ ಏನೂ ಆಗದ ಹಾಗೆ ಓಡಾಡುತ್ತಿದ್ದವು. ಅಣ್ಣ ಕೇಳಿದಾಗ, "ಬಸವನಹುಳು ಸತ್ತವು, ಎಂತಕ್ಕೋ ಗೊತ್ತಿಲ್ಲ," ಅಂದೆ. ನೀರು ಕೆಟ್ಟಿರಬೇಕು ಅಂತ ತಿಳಿದು, ಒಳ್ಳೆಯದಾಗಲಿ ಅಂತ ಅದೇ ಡ್ರಮ್ಮಿನಲ್ಲಿ ಪುನಃ ನೀರು ಕಲಸಿ ಹಾಕಿದೆ. ಎಟ್ಟಿ ಅದರ ಮರುದಿನ ಹೋಯಿತು. ನಾನು ಕೈ ಹಾಕಿದಾಗ ಬೆರಳಿನ ಹತ್ತಿರ ಬರಲು ನೋಡಿ, ಕಾಲು ಹಿಡಿತ ತಪ್ಪಿ ಬದಿಗೆ ಬಿತ್ತು. ಅದನ್ನು ನಾನು ಮರೆಯುವುದಿಲ್ಲ.

ಅಂಗಡಿಯವರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಮೀನು ಬದುಕಿ, ಹುಳು, ಎಟ್ಟಿ ಮಾತ್ರ ಸಾಯುದಾದರೆ ತಾಮ್ರ ಅಕ್ಕ. ಮನೆಯಲ್ಲಿ ತಾಮ್ರದ ಪಾತ್ರೆ ಉಪಯೋಗಿಸಿದ್ರಾ?" ಅಂದರು. ಇಲ್ಲ ಅಂದೆ. "ಮತ್ತೆ ಹೊಸತು ಎಂತ ಬಂದದ್ದು?"

ಹೊಸತು ಬಂದದ್ದು ಒಂದೇ. ಡ್ರಮ್ಮಿನ ಮುಚ್ಚಳ ತೆಗೆದು ಬೆಳಕಿಗೆ ಹಿಡಿದೆ. ಮುಚ್ಚಳದ ಸುರುಳಿಯ ಸಂದಿಯಲ್ಲಿ, ಹುಣಸೆಹುಳಿ ತಲುಪದ ಕಡೆ, ತಿಳಿ ನೀಲಿ ಬಣ್ಣದ ಗಾರೆ ಕಟ್ಟಿತ್ತು. ನಮ್ಮ ಕಡೆ ಹುಟ್ಟಿದವರಿಗೆ ಆ ಬಣ್ಣ ಯಾರೂ ಹೇಳಿಕೊಡಬೇಕಿಲ್ಲ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗೆ ಮೊದಲು ಮದ್ದು ಬಿಡುವುದು ಅಂತ ಉಂಟಲ್ಲ, ಅದೇ ಮೈಲುತುತ್ತು ಮತ್ತು ಸುಣ್ಣ ಕಲಸಿದ್ದು. ಮೈಲುತುತ್ತು ಅಂದರೆ ತಾಮ್ರವೇ. ಪುತ್ತೂರು, ಸುಳ್ಯ, ಕಡಬದಲ್ಲಿ ತೋಟ ಇರುವ ಯಾವ ಮನೆಯಲ್ಲೂ ಮದ್ದು ಮುಟ್ಟದ ಒಂದು ಡ್ರಮ್ಮು ಸಿಗಲಿಕ್ಕಿಲ್ಲ. ಅಲ್ಲಿ ಅದು ಕೊಳೆಯಲ್ಲ, ಮದ್ದು. ಅಣ್ಣ ಕೊಳೆ ತೊಳೆದು ಕೊಟ್ಟಿದ್ದರು. ನಾನೂ ಅದೇ ಮಣ್ಣಿನವಳು, ನನಗೂ ಹೊಳೆಯಲಿಲ್ಲ. ಬಂಡೆಗೂ ಮರಳಿಗೂ ತಾಮ್ರ ಹಿಡಿದಿರುತ್ತದೆ, ಎಲ್ಲ ಬದಲಿಸುವವರೆಗೆ ಇನ್ನೊಂದು ಎಟ್ಟಿ ಬಿಡಬೇಡಿ ಅಂದರು ಅಂಗಡಿಯವರು.

ಆದರೂ ಖಾತ್ರಿ ಮಾಡಿಕೊಳ್ಳುವ ಹುಚ್ಚು. ಮಧ್ಯಾಹ್ನ ಪುತ್ತೂರಿನಲ್ಲಿ ಊಟಕ್ಕೆ ಕೂತಾಗ ಏನೂ ಅಲ್ಲದ ಹಾಗೆ ಕೇಳಿದೆ, "ಅಣ್ಣ, ಆ ಡ್ರಮ್ಮಿನಲ್ಲಿ ಮೊದಲು ಎಂತ ಇತ್ತು?"

"ಮದ್ದು ಕಲಸ್ತಾ ಇದ್ದದ್ದು. ಯಾಕೆ?"

"ಯಾಕೂ ಇಲ್ಲ. ಒಂಚೂರು ವಾಸನೆ ಉಂಟಾ ಅಂತ."

ಅವರು ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದವರು ಸಾರಿನ ಡಬ್ಬಿ ಮುಚ್ಚಿಟ್ಟರು. "ಚೆನ್ನಾಗಿ ತಿಕ್ಕಿದ್ದೆ," ಅಂದರು. ಅಷ್ಟೇ.

ಎಟ್ಟಿ ಸತ್ತದ್ದನ್ನು ನಾನು ಹೇಳಲಿಲ್ಲ. ತಾನು ಪ್ರೀತಿಯಿಂದ ಕೊಟ್ಟದ್ದೇ ಅದನ್ನು ಕೊಂದದ್ದು ಅಂತ ಗೊತ್ತಾದರೆ ಈ ಮನುಷ್ಯ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅವರ ಸ್ವಭಾವ ನನಗೆ ಗೊತ್ತು. ಒಮ್ಮೆ ನಮ್ಮ ಬಸ್ಸಿಗೆ ಅಡ್ಡ ಬಂದು ಸತ್ತ ಒಂದು ನಾಯಿಗಾಗಿ ವಾರ ಪೂರ್ತಿ ಸರಿಯಾಗಿ ಉಂಡವರಲ್ಲ. ನನಗೆ ಎಟ್ಟಿಯೂ ಹೋಗಿ ಅಣ್ಣನೂ ಹೋಗುವುದು ಬೇಡ ಅನ್ನಿಸಿತು. ಒಂದಾದರೂ ಉಳಿಯಲಿ.

ಆ ದಿನದಿಂದ ಅವರು ಎಟ್ಟಿಯ ವಿಷಯ ಕೇಳುವುದು ನಿಲ್ಲಿಸಿದರು. ನಿವೃತ್ತಿಯ ಕಾಗದಪತ್ರದ ಓಡಾಟ, ಮರೆತಿರಬೇಕು ಅಂತ ನಾನು ತಿಳಿದೆ. ಕೊನೆಯ ದಿನ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದೆಸಿ, ಲಡ್ಡು ಹಂಚಿದರು. "ಬರ್ತೀರಲ್ಲ ಮನೆಗೆ?" ಅಂದೆ. "ನೋಡುವ," ಅಂದರು, ಬಸ್ಸಿನ ಟಯರು ನೋಡುತ್ತ. ನಮ್ಮಲ್ಲಿ ನೋಡುವ ಅಂದರೆ ಇಲ್ಲ ಅಂತ ಅರ್ಥ. ಟಿಕೇಟಿಲ್ಲದೆ ಸಿಕ್ಕಿಬಿದ್ದವರು, ನಾಳೆ ಕೊಡುವ ಅನ್ನುವಾಗಲೂ ಹಾಗೇ ಎಲ್ಲೋ ನೋಡುತ್ತಾರೆ.

ಮಳೆ ಹಿಡಿಯಿತು. ಹೊಸ ಡ್ರೈವರು ಬಂದರು, ಒಳ್ಳೆಯ ಜನ, ಕಿವಿಯಲ್ಲಿ ಇಯರ್‌ಫೋನು. ನನ್ನ ಸೀಟಿ ಕೇಳುತ್ತದೆ, ಬೇರೆ ಏನೂ ಕೇಳುವುದಿಲ್ಲ. ಚಾ ಒಬ್ಬಳೇ ಕುಡಿದೆ. ಅಣ್ಣನಿಗೆ ಫೋನು ಮಾಡಲು ಹೊರಟು, ಎಟ್ಟಿ ಹೇಗುಂಟು ಅಂತ ಕೇಳಿದರೆ ಎಂತ ಹೇಳುವುದು ಅಂತ ಬಿಟ್ಟೆ. ಅವರಿಂದಲೂ ಫೋನಿಲ್ಲ. ಬಸ್ಸು ಕಲ್ಲುಗುಂಡಿಯಲ್ಲಿ ತಿರುಗುವಾಗ ದಿನಾ ಆ ರಸ್ತೆ ಬದಿ ನೋಡುವೆ. ಕೊಡೆ ಹಿಡಿದು ಯಾರಾದರೂ ನಿಂತಿದ್ದರೆ ಬಗ್ಗಿ ಮುಖ ನೋಡುವೆ. ಬೇರೆ ಯಾರೋ ಆಗಿರುವರು. ನನಗೆ ಸಿಟ್ಟು ಬಂತು, ಆಮೇಲೆ ಬೇಸರ ಬಂತು. ಇಷ್ಟು ವರ್ಷ ಒಟ್ಟಿಗೆ ದುಡಿದದ್ದು ಬಸ್ಸಿನದ್ದು ಬಸ್ಸಿಗೇ ಮುಗಿಯಿತು ಅಂದುಕೊಂಡೆ.

ಸಂಜೆ ನೀಲಿ ಕಿಟಕಿ ಮಾತ್ರ ತಪ್ಪದೆ ಹೊತ್ತಿಕೊಳ್ಳುತ್ತಿತ್ತು. ಕರೆಂಟು ಹೋದರೆ ಬ್ಯಾಟರಿಯ ಪಂಪು ಗುಳು ಗುಳು ಅನ್ನುತ್ತಿತ್ತು. ಎರಡು ಮೀನುಗಳೂ ಒಂದರ ಪಕ್ಕ ಒಂದು, ನನ್ನ ಅಗತ್ಯವಿಲ್ಲದೆ ಸುಖವಾಗಿದ್ದವು. ಆಹಾರ ಹಾಕುವಾಗ ಬಿಟ್ಟರೆ ನನ್ನನ್ನು ಕಣ್ಣೆತ್ತಿ ನೋಡುವುದಿಲ್ಲ. ನಾನು ಕೆಲವು ಸಲ ಸುಮ್ಮನೆ ನೀರಿಗೆ ಕೈ ಹಾಕಿ ಇಟ್ಟುಕೊಳ್ಳುವೆ. ಎಂತದೂ ಬಂದು ಮುಟ್ಟುವುದಿಲ್ಲ. ಡ್ರಮ್ಮು ಮೂಲೆಯಲ್ಲೇ ಇತ್ತು. ಬಿಸಾಡಲು ಕೈ ಬರಲಿಲ್ಲ, ಉಪಯೋಗಿಸಲೂ ಇಲ್ಲ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ, ಬಟ್ಟೆ ಒಗೆಯುತ್ತಿದ್ದೆ, ಮೆಟ್ಟಿಲಲ್ಲಿ ಕಾಲಿನ ಸದ್ದು. ಬಾಗಿಲಲ್ಲಿ ಒಬ್ಬರು ಹೆಂಗಸು, ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಪೊಟ್ಟಣ. ಕೆಸುವಿನ ಪರಿಮಳಕ್ಕೇ ಅತ್ತಿಗೆ ಅಂತ ಗೊತ್ತಾಯಿತು. ಅವರ ಹಿಂದೆ, ಎರಡು ಮೆಟ್ಟಿಲು ಕೆಳಗೆ, ಅಣ್ಣ. ಕೈಯಲ್ಲಿ ಮುಚ್ಚಳ ಇರುವ ಬಿಳಿ ಬಾಲ್ದಿ, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ.

"ಇವರು ಬರುದಿಲ್ಲ ಅಂತಲೇ ಹಠ," ಅಂದರು ಅತ್ತಿಗೆ ಒಳಗೆ ಬರುತ್ತ. "ಮಳೆಗಾಲ ಪೂರ್ತಿ ಆ ಡ್ರಮ್ಮಿನದ್ದೇ ಜಪ. ತಂಗಿಯ ಮುಖ ಹೇಗೆ ನೋಡುದು ಅಂತ. ನಾನೇ ಎಳಕೊಂಡು ಬಂದೆ."

ಅಣ್ಣ ಬಾಲ್ದಿಯನ್ನು ತೊಟ್ಟಿಯ ಬುಡದಲ್ಲಿ ಇಟ್ಟರು. "ಇದು ಹೊಸತು. ಇದರಲ್ಲಿ ಒಂದು ತೊಟ್ಟು ಎಂತದೂ ಹಾಕಿಲ್ಲ," ಅಂದರು. ಆಮೇಲೆ ಗಾಜಿನ ಎದುರು ಕೂತು ಒಳಗೆ ನೋಡಿದರು. "ಎಟ್ಟಿ ಎಲ್ಲಿ ಅಂತ ನಾನು ಕೇಳುದಿಲ್ಲ ತಂಗಿ. ಬಸವನಹುಳು ಸತ್ತವು ಅಂದೆ. ಆಮೇಲೆ ಡ್ರಮ್ಮಿನಲ್ಲಿ ಎಂತ ಇತ್ತು ಅಂತ ಕೇಳಿದೆ. ತೋಟದಲ್ಲಿ ಬಸವನಹುಳಕ್ಕೆ ಮೈಲುತುತ್ತು ಹಾಕಿ ಸಾಯಿಸುವವನು ನಾನು, ಅಷ್ಟು ಗೊತ್ತಾಗುದಿಲ್ವ? ನಿನಗೆ ಅಂತ ಇದ್ದದ್ದು ಅದೊಂದು. ಅದನ್ನೂ ನಾನು ತೆಗೆದೆ."

"ಅದೊಂದೇ ಅಲ್ಲ ಅಣ್ಣ ಇದ್ದದ್ದು," ಅಂದೆ. "ನೀವು ಬರುದಿಲ್ಲ ಅಂತ ಹೆದರಿ ನಾನು ಹೇಳಲಿಲ್ಲ. ಹೇಳದೆಯೂ ನೀವು ಬರಲಿಲ್ಲ." ಇನ್ನೂ ಏನೇನೋ ಬೈಯಬೇಕು ಅಂತಿತ್ತು. ಅತ್ತಿಗೆ ಎದ್ದು ಹೋಗಿ, ಯಾರನ್ನೂ ಕೇಳದೆ, ನನ್ನ ಅಡುಗೆಮನೆಯಲ್ಲಿ ಚಾಕ್ಕೆ ನೀರಿಟ್ಟರು. ನನ್ನ ಮನೆಯಲ್ಲಿ ಬೇರೆಯವರು ಪಾತ್ರೆ ತೆಗೆಯುವ ಸದ್ದು ಕೇಳುತ್ತ ನಾನು ಅಲ್ಲೇ ನೆಲಕ್ಕೆ ಕೂತೆ.

ಪತ್ರೊಡೆ ತಿಂದೆವು. ಅಣ್ಣ ಮೀನುಗಳ ಸಂಸಾರ ನೋಡಿ, ದೊಡ್ಡದು ಹೆಣ್ಣು ಅಂತ ನಾನು ಹೇಳಿದ ಮೇಲೆ, "ಎಲ್ಲ ಕಡೆ ಅದೇ ಕತೆ," ಅಂತ ಅತ್ತಿಗೆಯ ಕಡೆ ನೋಡಿದರು. ಬಿಸಿಲು ಇಳಿಯಿತು. ಅಣ್ಣ ಖಾಲಿ ನೀಲಿ ಡ್ರಮ್ಮನ್ನು ಮೂಲೆಯಿಂದ ಎತ್ತಿಕೊಂಡು ಬಾಗಿಲ ಹತ್ತಿರ ನಿಂತರು. ಸುಳ್ಯದಿಂದ ಮುಂದೆ ಹೋಗುವ ಬಸ್ಸು ತಪ್ಪಿದರೆ ಕಷ್ಟ ಅಂದರು. ಹೋದವರು ಪುನಃ ಯಾವಾಗ ಬರುತ್ತಾರೋ ಅಂತ ನನಗೆ ಆಗಲೇ ಶುರುವಾಗಿತ್ತು.

"ಸೀಟಿ ಊದು ಮಾರಾಯ್ತಿ, ಹೊರಡ್ತೇವೆ," ಅಂದರು ಅವರು ನಗುತ್ತ. "ನೀನು ಊದದೆ ನಾನು ಹೊರಟ ಅಭ್ಯಾಸ ಇಲ್ಲ."

ಡ್ಯೂಟಿಯ ಚೀಲ ಮೊಳೆಯಲ್ಲಿ ನೇತಾಡುತ್ತಿತ್ತು. ಸೀಟಿ ತೆಗೆದೆ. ಒಂದೇ ಸಲ ಊದಿದೆ.

ಅಣ್ಣ ಎರಡನೆಯದಕ್ಕೆ ಕಾದರು. ನಾನು ಸೀಟಿಯನ್ನು ಚೀಲಕ್ಕೆ ಹಾಕಿದೆ. ಅವರು ನನ್ನ ಮುಖ ನೋಡಿದರು, ಅತ್ತಿಗೆಯ ಮುಖ ನೋಡಿದರು. ಆಮೇಲೆ ಡ್ರಮ್ಮು ಕೆಳಗಿಟ್ಟು, ಚಪ್ಪಲಿ ಬಿಚ್ಚಿ, ಒಳಗೆ ಬಂದು ಕೂತರು.